ಜಗಲಿ ದಾಟಿದ ಗೆರೆ

ಸೀಮೆಸುಣ್ಣದ ವಾಸನೆ ಬಂದರೆ ಈಗಲೂ ನನಗೆ ನಾರಾವಿಯ ಅಜ್ಜಿಮನೆಯ ಕೆಂಪು ಜಗಲಿ ನೆನಪಾಗುತ್ತದೆ.

ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ಅಪ್ಪ, ಅಪ್ಪನ ಅಪ್ಪ, ಅವರಪ್ಪ ಎಂದು ಜಗಲಿ ತುಂಬ ಬರೆದು ಕುಣಿಯುತ್ತಿದ್ದೆ. ಅಜ್ಜಿ ಬಂದವರೇ ಸೆರಗಿನಿಂದ ಅಷ್ಟನ್ನೂ ಒರೆಸಿಬಿಟ್ಟರು.

"ಅದು ನಿನ್ನ ಅಪ್ಪನ ಮನೆಯ ಕತೆ ಮಾರಾಯ್ತಿ. ಈ ಮನೆ, ಈ ಗದ್ದೆ ಬಂದದ್ದು ತಾಯಿಯಿಂದ ಮಗಳಿಗೆ. ಹಾಗೆ ಬರೆ."

ಅವರು ಹೇಳಿದಂತೆ ಬರೆದೆ. ಏಳು ಹೆಂಗಸರ ಹೆಸರು ದಾಟಿ ಅಮ್ಮನ ಹೆಸರು ಬಂತು. ಅಮ್ಮನ ಕೆಳಗೆ ಅಣ್ಣ, ನಾನು.

"ಅಣ್ಣನ ಗೆರೆ ಅಲ್ಲಿಗೇ ನಿಲ್ತದೆ. ಅವನ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು" ಎಂದರು ಅಜ್ಜಿ. ಅಣ್ಣ ಮುಖ ಊದಿಸಿಕೊಂಡ. ಅವರು ನನ್ನ ಹೆಸರಿನಿಂದ ಎಳೆದ ಗೆರೆ ಜಗಲಿಯ ಅಂಚಿಗೆ ಮುಟ್ಟಿತು.

"ಇನ್ನೂ ಉಂಟಾ ಅಜ್ಜಿ?"

"ಉಂಟು. ಅದು ನೀನೇ ಎಳೆಯಬೇಕು."

ಸೀಮೆಸುಣ್ಣ ಹಿಡಿದುಕೊಂಡೇ ನಾನು ಅಂಗಳಕ್ಕೆ ಹಾರಿದೆ.