ಮುಷ್ಟಿಯೊಳಗಿನ ಬಾಬಿನ್ ಕೇಸು

"ಬೆಕ್ಕನ್ನ ಇಲ್ಲೇ ಬಿಟ್ಟು ಬಾರಮ್ಮ, ಲಾರಿಯವನು ಕೂಗಾಡ್ತಿದ್ದಾನೆ" ಎಂದು ಬಾವ ಹೇಳಿ ಮುಗಿಸುವಷ್ಟರಲ್ಲಿ, ಅವಳು ಖಾಲಿ ಮಾಡುತ್ತಿದ್ದ ಅಂಗಡಿಯಲ್ಲಿ ಇನ್ನೂ ಉಳಿದಿದ್ದ ಹೊಲಿಗೆ ಮಿಷಿನ್ನಿನ ಕೆಳಗೆ ಕೈಹಾಕಿ, ಅಡಿದಾರದ ಉರುಳೆ ಕೂರುವ ಬಾಬಿನ್ ಕೇಸನ್ನು ಕಿತ್ತು ಮುಷ್ಟಿಯಲ್ಲಿ ಬಿಗಿಹಿಡಿದಳು. ಅದಿಲ್ಲದೆ ಮಿಷಿನ್ನು ಒಂದು ಹೊಲಿಗೆಯನ್ನೂ ಹಾಕದು. ಆ ಹಳೇ ಮಿಷಿನ್ನಿಗೆ ಹೊಂದುವಂಥದ್ದು ಪೇಟೆಯೆಲ್ಲ ಸುತ್ತಿದರೂ ಸಿಗದು. ಸಂಜೆಯೊಳಗೆ ಮದುವೆ ಮನೆಯವರ ಬಟ್ಟೆ ಬೇರೆ ಕೊಡಬೇಕಿತ್ತು.

"ಹೊಸ ಅಂಗಡೀಲಿ ಇಲಿ ಇಲ್ಲ. ಬೆಕ್ಕಿಗೇನು ಕೆಲಸ? ಎಲ್ಲಾದ್ರೂ ಬದುಕ್ಕೊಳ್ಳುತ್ತೆ" ಎಂದರು ಬಾವ.

"ಇಲಿ ಬಟ್ಟೆ ಕಡೀತಿದೆ ಅಂತ ಇದನ್ನ ಚೀಲದಲ್ಲಿ ಹಾಕ್ಕೊಂಡು ಬಂದಿದ್ದು ಯಾರು ಬಾವ? ನೀವೇ ತಾನೆ? ಅದೇನು ಕೆಲಸ ಕೊಡಿ ಅಂತ ಅರ್ಜಿ ಹಾಕಿತ್ತಾ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂದ್ರೆ ನಾನು ಒಪ್ಪಲ್ಲ. ಅದು ಬಂದ್ರೆ ಇದು ಬರುತ್ತೆ." ಅವಳು ಮುಷ್ಟಿ ಎತ್ತಿ ತೋರಿಸಿದಳು. ಬೆಕ್ಕು, ಈ ಜಗಳ ತನ್ನದಲ್ಲವೆಂಬಂತೆ, ಖಾಲಿ ಕಪಾಟಿನಲ್ಲಿ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು.

ಬಾವನ ಮುಖ ಕೆಂಪೇರಿತು. ಲಾರಿಯ ಮೇಲೆ ನಿಂತು ಸಾಮಾನು ಜೋಡಿಸುತ್ತಿದ್ದ ಗಂಡ, ನೂಲಿನ ರೀಲುಗಳನ್ನೆಲ್ಲ ಚೀಲಕ್ಕೆ ಸುರಿದು, ಖಾಲಿಯಾದ ಬುಟ್ಟಿಯನ್ನು ಕೆಳಗೆ ಚಾಚಿದ. ಅವಳು ಒಂದೇ ಕೈಯಲ್ಲಿ ಬೆಕ್ಕನ್ನು ಎತ್ತಿ ಅದರೊಳಗೆ ಕೂರಿಸಿ, ಮುಚ್ಚಳ ಒತ್ತಿದಳು. ಬುಟ್ಟಿ ಮೇಲೇರಿತು, ಹಿಂದೆಯೇ ಮಿಷಿನ್ನೂ.

"ಬೆಕ್ಕು ಹತ್ತಿತಲ್ಲ, ಇನ್ನಾದ್ರೂ ಕೊಡಮ್ಮ ಅದನ್ನ" ಎಂದು ಬಾವ ಕೈಯೊಡ್ಡಿದರು.

"ಹತ್ತಿದ್ದು ಸಾಲದು ಬಾವ. ಅಲ್ಲಿ ಇಳೀಲಿ ಮೊದಲು" ಎಂದವಳೇ, ಮುಷ್ಟಿ ಬಿಚ್ಚದೆ ಲಾರಿ ಹತ್ತಿದಳು.