ತೊಂಬತ್ತನೆಯ ತಲೆ

ಆರು ದಿನದ ಹಿಂದೆ ತಾನೇ ಶಾಲೆಯಿಂದ ಹೊರಹಾಕಿದ್ದ ಹುಡುಗಿಯ ಮನೆ ಬಾಗಿಲಲ್ಲಿ, ಬುಧವಾರ ಬೆಳಿಗ್ಗೆ ಏಳೂವರೆಗೆ, ಪ್ರಿನ್ಸಿಪಾಲ್ ವರ್ನೆಟಾ ಸ್ಟ್ರೌಡ್ ಪಿಜ್ಜಾ ಡಬ್ಬಿ ಹಿಡಿದು ನಿಂತಿದ್ದಳು. ಅಂದು ತಲೆಯೆಣಿಕೆಯ ದಿನ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅವಳೇ ನಡೆಸುವ ಚಾರ್ಟರ್ ಶಾಲೆಗೆ ಸರ್ಕಾರ ದುಡ್ಡು ಕೊಡುವುದು ಮಕ್ಕಳ ತಲೆ ಎಣಿಸಿ. ಅಕ್ಟೋಬರಿನ ಈ ಒಂದು ದಿನ ಕುರ್ಚಿಯಲ್ಲಿ ಕಂಡ ತಲೆಯೇ ತಲೆ, ಉಳಿದದ್ದೆಲ್ಲ ಗಾಳಿ. ರಾಜ್ಯದ ಬಜೆಟ್ಟಿಗೆ ಕತ್ತರಿ ಬಿದ್ದ ಮೇಲೆ, ತೊಂಬತ್ತಕ್ಕೆ ಒಂದು ಕಡಿಮೆಯಾದರೂ ಶಾಲೆಗೆ ಬೀಗ ಎಂದು ಮೇಲಿನವರು ಮೊನ್ನೆ ಬರೆದು ಕಳಿಸಿದ್ದರು. ವರ್ನೆಟಾಳ ಬಳಿ ಇದ್ದದ್ದು ಎಂಬತ್ತೊಂಬತ್ತು.

ಬಾಗಿಲು ತೆಗೆದವಳು ಹುಡುಗಿಯ ಅಜ್ಜಿ ಒಡೆಸಾ. ಚರ್ಚಿಗೆ ಬಂದವರಿಗೆ ಜಾಗ ತೋರಿಸಿ ಕೂರಿಸುವ ಸೇವೆ ಅವಳದು. ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ ಕೈಗವಸು ಕೈಯಲ್ಲಿತ್ತು.

"ಬೆಳಿಗ್ ಬೆಳಿಗ್ಗೇನೇ ಪಿಜ್ಜಾ! ಸಾವಿನ ಮನೆಗೆ ಊಟ ತಂದ ಹಾಗಿದೆ, ಯಾರಾದ್ರೂ ತೀರ್ಕೊಂಡ್ರಾ?"

"ಅಯ್ಯೋ ಇಲ್ಲಮ್ಮ. ಕೆಟೂರಾನ ಕರ್ಕೊಂಡು ಹೋಗೋಣಾಂತ ಬಂದೆ."

"ಯಾವ ಕೆಟೂರಾ? ಇಂಥವಳು ಇದ್ರೆ ಶಾಲೆ ಉಳಿಯಲ್ಲ ಅಂದ್ರಲ್ಲ, ಆ ಕೆಟೂರಾನಾ?"

"ಈಗ ಅವಳಿಲ್ದಿದ್ರೆ ಉಳಿಯಲ್ಲಮ್ಮ."

"ಎದುರು ಬೀದಿ ಶಾಲೆಯವ್ರು ನಿನ್ನೇನೇ ಫೋನ್ ಮಾಡಿದ್ರು. ಇವತ್ತು ಬಂದ ಮಕ್ಕಳಿಗೆ ಸೈಕಲ್ ಲಾಟರಿ ಅಂತೆ. ನಿಮ್ದು ನೋಡಿದ್ರೆ ಪಿಜ್ಜಾ. ಅದೂ ತಣ್ಣಗಿರೋದು."

ಕೆಟೂರಾಳ ಅಪರಾಧವಾದರೂ ಎಂಥದು! ಬಜೆಟ್ ಕಡಿತದ ಮೊದಲ ಏಟಿಗೆ ಗಣಿತದ ಮೇಷ್ಟರು ಹೋದರು. ಅವರ ಜಾಗಕ್ಕೆ ಪಾಠ ಹೇಳುವ ದೊಡ್ಡ ಟಿವಿ ಬಂತು. ಅದಕ್ಕೆ ಚಂದಾ ಕಟ್ಟಲಾಗದೆ ಟಿವಿಯೂ ಕಪ್ಪಾಯಿತು. ಕಪ್ಪು ಟಿವಿ ನೋಡುತ್ತ ಕೂತು ಕೂತು ಸಾಕಾದ ಹನ್ನೊಂದು ವರ್ಷದ ಕೆಟೂರಾ, ಒಂದು ದಿನ ಎದ್ದು ಹೋಗಿ ಬೋರ್ಡಿನ ಮೇಲೆ ಭಿನ್ನರಾಶಿ ಶುರುಮಾಡಿದಳು. ಮೂರು ವಾರ ಯಾರಿಗೂ ತಿಳಿಯಲಿಲ್ಲ. ಆರನೆಯ ತರಗತಿಯ ಮಕ್ಕಳಿಗೆಲ್ಲ ಒಳ್ಳೆಯ ಅಂಕ ಬರತೊಡಗಿದಾಗಲೇ ವರ್ನೆಟಾಳಿಗೆ ಅನುಮಾನ ಬಂದದ್ದು. ಸರ್ಕಾರ ಕೊಡುವ ಟೀಚರ್ ಲೈಸೆನ್ಸ್ ಇಲ್ಲದವರು ಪಾಠ ಮಾಡಿದರೆಂದು ಮೇಲಿನವರಿಗೆ ಗೊತ್ತಾದರೆ ಶಾಲೆ ಮುಚ್ಚಿಸುತ್ತಾರೆಂದು ಹೆದರಿ ಹುಡುಗಿಯ ಹೆಸರು ಹೊಡೆದುಹಾಕಿದ್ದಳು. ಪಾಳುಬಿದ್ದ ಹಾಸಿಗೆ ಅಂಗಡಿಯೊಂದನ್ನು ಹನ್ನೆರಡು ವರ್ಷ ಬೆವರು ಸುರಿಸಿ ಶಾಲೆ ಮಾಡಿದವಳು ಅವಳು. ಅದು ಮತ್ತೆ ಹಾಸಿಗೆ ಅಂಗಡಿಯಾಗಲು ಬಿಡುವವಳಲ್ಲ.

ಅಜ್ಜಿಯ ಬೆನ್ನ ಹಿಂದಿನಿಂದ ಕೆಟೂರಾ ಇಣುಕಿದಳು. "ಮೇಡಂ, ಈಗ ಗಣಿತ ಯಾರು ಮಾಡ್ತಾರೆ?"

"ಟಿವಿ."

"ಆನ್ ಆಗತ್ತಾ?"

ವರ್ನೆಟಾ ಪಿಜ್ಜಾ ಡಬ್ಬಿಯನ್ನು ನೋಡಿದಳು. "ಇಲ್ಲ."

"ಹಾಗಾದ್ರೆ ನಾನೇ ಮಾಡ್ತೀನಿ. ಬೇಡ ಅಂದ್ರೆ ಸೈಕಲ್ ಶಾಲೆಗೆ ಹೋಗ್ತೀನಿ."

"ಹೂಂ ಅಂದ್ಬಿಡಿ ತಾಯಿ," ಎಂದಳು ಒಡೆಸಾ. "ಇವಳು ಅವರ ತಾತನ ಥರ. ಹಿಡಿದ ಹಟ ಬಿಡೋಳಲ್ಲ."

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ವರ್ನೆಟಾ ಹೂಂ ಅಂದಳು.

ಹತ್ತು ಗಂಟೆಗೆ ಎಣಿಕೆಯ ಅಧಿಕಾರಿ ವಾನ್‌ಡೈಕ್ ಬಂದ. ಉಳಿದ ತರಗತಿಗಳಲ್ಲಿ ಎಪ್ಪತ್ತೇಳು ತಲೆ ಸಿಕ್ಕಿದವು. ಆರನೆಯದರಲ್ಲಿ ಹದಿಮೂರು ಸಿಗಬೇಕು. ಬಾಗಿಲು ತೆರೆದರೆ ಕುರ್ಚಿಗಳಲ್ಲಿ ಹನ್ನೆರಡು ಮಕ್ಕಳು. ಕೆಟೂರಾ ಬೋರ್ಡಿನ ಮುಂದೆ. ಆಗಷ್ಟೇ ಅವಳು ಕೊಟ್ಟ ಲೆಕ್ಕವನ್ನು ಮಕ್ಕಳು ತಲೆ ಬಗ್ಗಿಸಿ ಬಿಡಿಸುತ್ತಿದ್ದರು.

"ಈ ಹುಡುಗಿ ಯಾರು?"

"ನಮ್ಮ ವಿದ್ಯಾರ್ಥಿನಿ ಸರ್. ಎಣಿಸ್ಕೊಳ್ಳಿ."

"ವಿದ್ಯಾರ್ಥಿನಿ ಆದ್ರೆ ಕ್ಲಾಸಲ್ಲಿ ಟೀಚರ್ ಇಲ್ಲ ಅಂತಾಯ್ತು. ಟೀಚರ್ ಇಲ್ಲದ ಕ್ಲಾಸಿನ ತಲೆ ಲೆಕ್ಕಕ್ಕೆ ಬರಲ್ಲ. ಹದಿಮೂರೂ ಹೋಯ್ತು."

"ಹಾಗಾದ್ರೆ ಟೀಚರ್ ಅಂತ್ಲೇ ಅಂದ್ಕೊಳ್ಳಿ!"

"ಟೀಚರ್ ಆದ್ರೆ ತಲೆ ಹನ್ನೆರಡೇ. ಒಟ್ಟು ಎಂಬತ್ತೊಂಬತ್ತು." ವಾನ್‌ಡೈಕ್ ನಿಜವಾಗಿಯೂ ನೊಂದುಕೊಂಡ. "ನಿಯಮ ನಾನು ಮಾಡಿದ್ದಲ್ಲ ಮೇಡಂ."

ವರ್ನೆಟಾ ಚೀಲ ತಡಕಾಡಿ ತನ್ನ ಲೈಸೆನ್ಸ್ ತೆಗೆದಳು. ಅದು ಆಟೋಟ ಕಲಿಸುವವರ ಲೈಸೆನ್ಸು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಆಗತ್ತೆ. ಲೈಸೆನ್ಸ್ ಅಂದ್ರೆ ಲೈಸೆನ್ಸು. ಆದ್ರೆ ಪಾಠ ನಡೀತಿರಬೇಕು."

ಕೆಟೂರಾ ಒಲ್ಲದ ಮನಸ್ಸಿನಿಂದ ಮಾರ್ಕರ್ ಪೆನ್ನು ಕೊಟ್ಟು ಹಿಂದಿನ ಕುರ್ಚಿಯಲ್ಲಿ ಕೂತಳು. ಬೋರ್ಡಿನ ಮೇಲೆ ಅವಳದೇ ಲೆಕ್ಕ: ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು, ಎರಡೂ ಕೂಡಿದರೆ ಎಷ್ಟು? ವರ್ನೆಟಾ ಮಕ್ಕಳಿಗೆ ಕಲಿಸಿದ್ದು ಓಟ, ಜಿಗಿತ ಮಾತ್ರ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, "ಏಳರಲ್ಲಿ ಎರಡು" ಎಂದು ದಪ್ಪಕ್ಷರದಲ್ಲಿ ಬರೆದಳು.

ಮಕ್ಕಳ ಪುಸ್ತಕಗಳಲ್ಲಿ ಇದ್ದದ್ದು ಹನ್ನೆರಡರಲ್ಲಿ ಏಳು. ಹಿಂದಿನ ಕುರ್ಚಿಯಿಂದ ಒಂದು ಕೈ ಮೇಲೆದ್ದಿತು. ವಾನ್‌ಡೈಕನ ಪೆನ್ನು ನಿಂತಿತು.

"ಏನಮ್ಮ, ಪಾಠದಲ್ಲಿ ಏನಾದ್ರೂ ತಪ್ಪಿದೆಯಾ?"

ಕೆಟೂರಾ ವರ್ನೆಟಾಳ ಮುಖ ನೋಡಿದಳು. ಇಷ್ಟು ದೊಡ್ಡ ಹೆಂಗಸು ಕಣ್ಣಲ್ಲೇ ಕೈಮುಗಿಯುವುದನ್ನು ಅವಳು ಎಂದೂ ಕಂಡಿರಲಿಲ್ಲ. ಕೈ ನಿಧಾನವಾಗಿ ಕೆಳಗಿಳಿಯಿತು.

"ಇಲ್ಲ ಸರ್. ಮೇಡಂ ಬರೆದಿದ್ದೇ ಸರಿ."

"ಹದಿಮೂರು," ಎಂದು ವಾನ್‌ಡೈಕ್ ಗುರುತು ಹಾಕಿಕೊಂಡ. "ಒಟ್ಟು ತೊಂಬತ್ತು."

ಕೆಟೂರಾ ಪುಸ್ತಕ ತೆರೆದು, ಏಳರಲ್ಲಿ ಎರಡು ಎಂದು ದುಂಡಗೆ ಬರೆದುಕೊಂಡಳು. ಅವಳು ಬರೆದದ್ದನ್ನು ನೋಡಿ ಉಳಿದ ಹನ್ನೆರಡು ಮಕ್ಕಳೂ ತಾವು ಬರೆದಿದ್ದ ಸರಿಯುತ್ತರವನ್ನು ಹೊಡೆದುಹಾಕಿದರು.