ನೆಟ್ಟಗೆ ಬಿದ್ದ ಮುದ್ರೆ

ಟೋಕಿಯೊದ ಕಚೇರಿಯಲ್ಲಿ ಚಿಜುರುವಿನ ಕೈಯಲ್ಲಿದ್ದ, ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ವರದಿಯ ಮೇಲೆ ತಡೆದು ನಿಂತಿತು. ನಾಳಿನ ವಿದ್ಯುತ್ತಿನ ಮಾರುಕಟ್ಟೆ ಬೆಲೆಯನ್ನು ಇಂದೇ ಅಂದಾಜು ಮಾಡುವ ಪ್ರೋಗ್ರಾಂ ಅವಳು ಎರಡು ವರ್ಷ ದುಡಿದು ಬರೆದದ್ದು. ಆದರೆ ಅದರ ವರದಿಯಲ್ಲಿ 'ರಚಿಸಿದವರು' ಎಂಬಲ್ಲಿ ಮೇಲಧಿಕಾರಿ ಇವಾಕಿರಿಯ ಹೆಸರಿತ್ತು. ಅವಳದು 'ಸಹಾಯ' ಎಂಬಲ್ಲಿತ್ತು.

"ಬೇಗ ಒತ್ತಮ್ಮ, ನಿರ್ದೇಶಕರು ಕಾಯ್ತಿದ್ದಾರೆ," ಎಂದ ಇವಾಕಿರಿ. "ಎಡಕ್ಕೆ ಸ್ವಲ್ಪ ವಾಲಿಸಿ ಒತ್ತು. ನನ್ನ ಮುದ್ರೆಗೆ ನಿನ್ನದು ತಲೆ ಬಾಗಿದ ಹಾಗಿರ್ಬೇಕು. ನಿಮ್ಮಪ್ಪ ಇಷ್ಟೂ ಕಲಿಸ್ಲಿಲ್ವಾ?"

ತೀರಿಹೋದ ತಂದೆ ಬುದ್ಧನ ಮುಂದಿಟ್ಟು ಕೊಟ್ಟ ಮುದ್ರೆ ಅದು. "ಸುಳ್ಳಿನ ಮೇಲೆ ಒತ್ತಬೇಡ ಅಂತ ಕಲಿಸಿದ್ರು, ಇವಾಕಿರಿ-ಸಾನ್."

ಅವಳು ಇವಾಕಿರಿಯ ಹೆಸರಿನ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ತನ್ನ ಹೆಸರು ಬರೆದಳು. ತಿದ್ದಿದಲ್ಲಿ ತಿದ್ದಿದವರ ಮುದ್ರೆ ಬೀಳಬೇಕೆಂಬುದು ಕಚೇರಿಯ ನಿಯಮ. ಆ ಗೆರೆಗಳ ಮೇಲೆಯೇ ಅವಳು ಮುದ್ರೆಯನ್ನು ನೆಟ್ಟಗೆ ಒತ್ತಿದಳು.